ಮಧುಮೇಹದ ಪಾಠ ಹೇಳುವವರಿಗೂ ಒಂದು ಪರೀಕ್ಷೆ



ಪ್ರಸಾದತತ್ತ್ವವನ್ನು ಕುರಿತು ಈ ಅಂಕಣದಲ್ಲಿ ಹಿಂದೊಮ್ಮೆ ಬರೆದಿದ್ದೆ. ಪದಾರ್ಥವು ಲಿಂಗಕ್ಕೆ ಅರ್ಪಿತವಾಗಿ ಪ್ರಸಾದವಾಗುವ ಬಗೆಯನ್ನೂ, ಅದನ್ನು ಕೆಡಿಸದೆ, ಚೆಲ್ಲದೆ ಸ್ವೀಕರಿಸಬೇಕೆಂಬ ನಿಯಮವನ್ನೂ ತಿಳಿದಮಟ್ಟಿಗೆ ವಿವರಿಸಿದ್ದೆ. ಅದನ್ನು ಓದಿದ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಮಠದ ದಾಸೋಹದಲ್ಲಿ ಗೋಧಿಹುಗ್ಗಿ ನೀಡಲು ಬಂದಾಗ ಬೇಡವೆನ್ನಲು ಆ ಹಿರಿಯ ಜೀವಕ್ಕೆ ಮನಸ್ಸು ಬಾರದು. ಉಂಡು ಬಂದ ಮೇಲೆ ಮನೆಯಲ್ಲಿ ಎರಡು ದಿನ ವಾಗ್ವಾದ. "ಇದಕ್ಕೆ ಶಾಸ್ತ್ರವೇನು ಹೇಳುತ್ತದೆ? ನೀವೇ ನಾಲ್ಕು ಮಾತು ಬುದ್ಧಿ ಹೇಳಿ ಬರೆದರೆ ಅವರಿಗೆ ಓದಿ ತೋರಿಸುತ್ತೇನೆ" ಎಂದು ಕೇಳಿದ್ದಾರೆ.

ಬುದ್ಧಿ ಹೇಳುವುದು ನನಗೆ ನಲವತ್ತು ವರ್ಷಗಳ ಅಭ್ಯಾಸ. ಕೂಡಲೇ ಕುಳಿತು ಮೂರು ಪುಟ ಬರೆದೆ. ಬರೆದದ್ದನ್ನು ಓದಿಕೊಂಡೆ, ಹರಿದು ಹಾಕಿದೆ. ಹಾಗೇಕೆ ಮಾಡಿದೆನೆಂಬುದನ್ನು ತಿಳಿಸಬೇಕಾದರೆ 2024ರ ಬೇಸಿಗೆಯಲ್ಲಿ ನಾನು ಅಮೇರಿಕೆಯ ನ್ಯೂಜೆರ್ಸಿಯಲ್ಲಿ ತಂಗಿಯ ಮಗಳ ಮನೆಯಲ್ಲಿ ಕಳೆದ ಎರಡು ತಿಂಗಳುಗಳ ವೃತ್ತಾಂತವನ್ನು ಹೇಳಬೇಕಾಗುತ್ತದೆ.

ನನ್ನ ಸೋದರಸೊಸೆ ಪಥ್ಯಾಹಾರ ಶಾಸ್ತ್ರವನ್ನು ಕಲಿತವಳು. ಅಲ್ಲಿಯ ಚಿಕಿತ್ಸಾಲಯವೊಂದರಲ್ಲಿ ಮಧುಮೇಹವುಳ್ಳವರಿಗೆ ಆಹಾರದ ಸಲಹೆ ನೀಡುವುದು ಅವಳ ಕಾಯಕ. ನಾನು ಹೋದಾಗ ಅವಳು ಒಂದು ಪರೀಕ್ಷೆಗೆ ಸಿದ್ಧಳಾಗುತ್ತಿದ್ದಳು. ಮಧುಮೇಹದ ಆರೈಕೆ ಮತ್ತು ಶಿಕ್ಷಣದಲ್ಲಿ ಪರಿಣತರೆಂಬ ಪ್ರಮಾಣಪತ್ರವನ್ನು ಕೊಡುವ ಪರೀಕ್ಷೆ ಅದು. ವೈದ್ಯರಿಗೆ, ದಾದಿಯರಿಗೆ, ಔಷಧಶಾಸ್ತ್ರಜ್ಞರಿಗೆ ಅವರವರ ಪರೀಕ್ಷೆಗಳಿರುವುದು ಎಲ್ಲರಿಗೂ ಗೊತ್ತು. ರೋಗವುಳ್ಳವರಿಗೆ ಪಾಠ ಹೇಳುವುದಕ್ಕೂ ಒಂದು ಪ್ರತ್ಯೇಕ ಪರೀಕ್ಷೆಯುಂಟೆಂಬುದು ನನಗೆ ಹೊಸ ವಿಷಯವಾಗಿತ್ತು. ವಿಚಾರಿಸಲಾಗಿ, ಇದು ಹೊಸದೇನೂ ಅಲ್ಲ, 1986ರಿಂದಲೇ ನಡೆದು ಬಂದಿದೆಯೆಂದು ತಿಳಿಯಿತು. ಮೊದಲು 'ಪ್ರಮಾಣಿತ ಮಧುಮೇಹ ಶಿಕ್ಷಕ' ಎಂಬ ಅರ್ಥದ ಬಿರುದಿತ್ತು. 2020ರಲ್ಲಿ ಅದಕ್ಕೆ 'ಆರೈಕೆ' ಎಂಬ ಮಾತನ್ನೂ ಸೇರಿಸಿ ಹೆಸರನ್ನು ಬದಲಿಸಿದರು.

ಯಾರು ಬೇಕಾದರೂ ಹೋಗಿ ಕುಳಿತುಕೊಳ್ಳಬಹುದಾದ ಪರೀಕ್ಷೆ ಇದಲ್ಲ. ದಾದಿ, ಪಥ್ಯಾಹಾರ ತಜ್ಞೆ, ಔಷಧಶಾಸ್ತ್ರಜ್ಞ ಮೊದಲಾದ ಆರೋಗ್ಯವೃತ್ತಿಯಲ್ಲಿ ಎರಡು ವರ್ಷಗಳ ಅನುಭವವಿರಬೇಕು. ಮಧುಮೇಹವುಳ್ಳವರ ಆರೈಕೆ ಹಾಗೂ ಶಿಕ್ಷಣದಲ್ಲಿಯೇ 1000 ಗಂಟೆ ದುಡಿದಿರಬೇಕು. ಅದರಲ್ಲಿ 200 ಗಂಟೆಯಾದರೂ ಅರ್ಜಿ ಹಾಕುವ ಹಿಂದಿನ ವರ್ಷದ್ದಾಗಿರಬೇಕು. ಅದರ ಮೇಲೆ 15 ಗಂಟೆಗಳ ವ್ಯಾಸಂಗ. ಇಷ್ಟಾದವರಿಗೆ ಗಣಕಯಂತ್ರದ ಮುಂದೆ ನಾಲ್ಕು ಗಂಟೆಗಳಲ್ಲಿ 200 ಪ್ರಶ್ನೆಗಳು. ಅವುಗಳಲ್ಲಿ 175ಕ್ಕೆ ಮಾತ್ರ ಅಂಕ. ಉಳಿದ 25 ಮುಂದಿನ ಪರೀಕ್ಷೆಗಳಿಗಾಗಿ ಪರೀಕ್ಷಿಸಿ ನೋಡುವ ಪ್ರಶ್ನೆಗಳು. ಯಾವುವು ಎಂಬುದು ಬರೆಯುವವರಿಗೆ ತಿಳಿಯದು! ಒಮ್ಮೆ ತೇರ್ಗಡೆಯಾದರೂ ಜೀವನಪರ್ಯಂತ ನಿಶ್ಚಿಂತೆಯಿಲ್ಲ. ಐದು ವರ್ಷಗಳಿಗೊಮ್ಮೆ ಅರ್ಹತೆಯನ್ನು ನವೀಕರಿಸಿಕೊಳ್ಳಬೇಕು. ಪ್ರವಚನಕಾರರಿಗೂ ಇಂಥದೊಂದು ಏರ್ಪಾಡಿದ್ದರೆ ನಮ್ಮಲ್ಲಿ ಎಷ್ಟು ಜನ ಉಳಿಯುತ್ತಿದ್ದೆವೋ, ಗುರುವೇ ಬಲ್ಲ.

ಅವಳು ರಾತ್ರಿ ಊಟವಾದ ಮೇಲೆ, ಮಕ್ಕಳು ಮಲಗಿದ ಮೇಲೆ, ಅಡುಗೆಮನೆಯ ಮೇಜಿನ ಮೇಲೆ ಪುಸ್ತಕಗಳನ್ನು ಹರಡಿಕೊಂಡು ಕೂಡುತ್ತಿದ್ದಳು. ಅಂಗೈಯಗಲದ ನೂರಾರು ಚೀಟಿಗಳು; ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ. ನನಗೋ ಹಗಲು ನಿದ್ದೆಯಾಗಿ ರಾತ್ರಿ ಎಚ್ಚರ. "ಮಾಮಾ, ಸುಮ್ಮನ ಕೂಡೂದಕಿಂತ ನೀವು ಚೀಟಿ ಓದಿ ನನಗ ಪ್ರಶ್ನಾ ಕೇಳ್ರಿ" ಎಂದಳು. ಇಂಗ್ಲಿಷನ್ನು ಓದಿ ಅರ್ಥಮಾಡಿಕೊಳ್ಳುವಷ್ಟು ಬಲ್ಲೆನಾದ್ದರಿಂದ ಒಪ್ಪಿದೆ. ಮಠದ ಪಾಠಶಾಲೆಯಲ್ಲಿ ಬೆಳಗಿನ ನಾಲ್ಕು ಗಂಟೆಗೆ ಎದ್ದು ಅಮರಕೋಶವನ್ನೂ ಶಬ್ದರೂಪಗಳನ್ನೂ ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದ ದಿನಗಳು ನೆನಪಾದವು. ಪಾಠ ಒಪ್ಪಿಸಿಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲವೆಂಬ ಹಮ್ಮಿನಿಂದಲೇ ಕುಳಿತೆ.

ಮೊದಲ ವಾರವೆಲ್ಲ ಕಂಠಪಾಠದ ಚೀಟಿಗಳು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರಕ್ತದ ಸಕ್ಕರೆ ಪ್ರತಿ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಮಧುಮೇಹ. 100ರಿಂದ 125ರವರೆಗೆ ಪೂರ್ವಸ್ಥಿತಿ. ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎ-ಒನ್-ಸಿ ಪರೀಕ್ಷೆಯಲ್ಲಿ ಶೇಕಡಾ 6.5 ಗಡಿ. ಎ-ಒನ್-ಸಿ ಶೇಕಡಾ 7 ಎಂದರೆ ಸರಾಸರಿ ಸಕ್ಕರೆ 154. ಆಹಾರದ ಲೆಕ್ಕದಲ್ಲಿ 15 ಗ್ರಾಂ ಶರ್ಕರಪಿಷ್ಟ ಒಂದು ಪಾಲು. ಪಾದದ ಸ್ಪರ್ಶಜ್ಞಾನವನ್ನು ಪರೀಕ್ಷಿಸುವುದು 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ. ಎರಡನೆಯ ಬಗೆಯ ಮಧುಮೇಹ ತಿಳಿದುಬಂದ ಕೂಡಲೇ ಕಣ್ಣಿನ ಒಳಪದರದ ತಪಾಸಣೆಯಾಗಬೇಕು. ಮೊದಲನೆಯ ಬಗೆಯಲ್ಲಿ ಆರಂಭವಾದ ಐದು ವರ್ಷಗಳೊಳಗೆ. ಏಷ್ಯಾ ಮೂಲದವರಿಗೆ ದೇಹತೂಕದ ಸೂಚ್ಯಂಕ 23ನ್ನು ಮುಟ್ಟಿದಾಗಲೇ ಅಲ್ಲಿಯ ವೈದ್ಯರು ಮಧುಮೇಹದ ತಪಾಸಣೆಯನ್ನು ಯೋಚಿಸುತ್ತಾರೆ. ಇತರರಿಗೆ ಆ ಅಂಕಿ 25. ನಮ್ಮವರ ಸಣಕಲು ಮೈ ನಂಬಿಕೆಗೆ ಅರ್ಹವಲ್ಲವೆಂದು ಇದರ ತಾತ್ಪರ್ಯ.

ಇವನ್ನೆಲ್ಲ ಅವಳು ನೀರು ಕುಡಿದಂತೆ ಹೇಳುತ್ತಿದ್ದಳು. ಎರಡನೆಯ ವಾರದಲ್ಲಿ ಬೇರೆ ಬಗೆಯ ಪ್ರಶ್ನೆಗಳು ಬಂದವು. ಅವುಗಳಿಗೆ ಮೊದಲು ನಾನೇ ಉತ್ತರ ಹೇಳಬೇಕೆಂದು ಅವಳು ಹಟ ಹಿಡಿದಳು. ಮಾದರಿಗೆ ಒಂದನ್ನು ಹೇಳುತ್ತೇನೆ.

ಅರವತ್ತೆರಡು ವರ್ಷದ ಮಹಿಳೆ. ಗುಳಿಗೆಗಳಿಂದ ಸಕ್ಕರೆ ಹತೋಟಿಗೆ ಬಾರದೆ ವೈದ್ಯರು ಇನ್ಸುಲಿನ್ ಬರೆದುಕೊಟ್ಟಿದ್ದಾರೆ. "ನಾನು ಚುಚ್ಚಿಸಿಕೊಳ್ಳುವುದಿಲ್ಲ. ನನ್ನ ತಂದೆಗೆ ಇನ್ಸುಲಿನ್ ಶುರುಮಾಡಿದ ವರ್ಷವೇ ಕಾಲು ಕತ್ತರಿಸಿದರು" ಎನ್ನುತ್ತಾಳೆ. ಶಿಕ್ಷಕಿಯು ಮೊಟ್ಟಮೊದಲು ಮಾಡಬೇಕಾದುದೇನು? ಇನ್ಸುಲಿನ್ನಿನ ಪ್ರಯೋಜನಗಳನ್ನು ವಿವರಿಸುವುದೇ? ಸಕ್ಕರೆ ಹೆಚ್ಚಿದರಾಗುವ ಅಪಾಯಗಳನ್ನು ತಿಳಿಸುವುದೇ? ಮತ್ತೆ ವೈದ್ಯರ ಬಳಿಗೆ ಕಳಿಸುವುದೇ? ತಂದೆಯವರ ವಿಷಯವನ್ನು ಇನ್ನಷ್ಟು ಹೇಳಿರೆಂದು ಕೇಳುವುದೇ?

"ಇದರಲ್ಲಿ ಯೋಚಿಸುವುದೇನಿದೆ? ಆಕೆಯದು ಅಜ್ಞಾನ. ಕಾಲು ಹೋದದ್ದು ಇನ್ಸುಲಿನ್ನಿನಿಂದಲ್ಲ, ಅದನ್ನು ತಡಮಾಡಿ ಆರಂಭಿಸಿದ್ದರಿಂದ ಎಂದು ವಿವರಿಸಬೇಕು" ಎಂದೆ. ಅವಳು ನಕ್ಕು ಚೀಟಿಯನ್ನು ತಿರುಗಿಸಿ ತೋರಿಸಿದಳು. ಕೇಳುವುದೇ ಸರಿಯುತ್ತರ. ನಾನು ಹೇಳಿದ ಮಾತು ಸುಳ್ಳೇನಲ್ಲ. ಮೊದಲು ಹೇಳಬೇಕಾದ ಮಾತು ಅದಲ್ಲ. ಅಂದು ರಾತ್ರಿ ಇಂಥ ಹದಿನೈದು ಪ್ರಶ್ನೆಗಳಲ್ಲಿ ನನ್ನ ಹನ್ನೊಂದು ಉತ್ತರಗಳು ತಪ್ಪಾದವು. ಎಲ್ಲದರಲ್ಲಿಯೂ ಒಂದೇ ದೋಷ: ಹೇಳುವ ಆತುರ. ನಾಲ್ಕು ವಿಕಲ್ಪಗಳಲ್ಲಿ ಉಪದೇಶವೆಲ್ಲಿದೆಯೆಂದು ಹುಡುಕಿ ಅದನ್ನೇ ಆರಿಸುತ್ತಿದ್ದೆ.

ಇನ್ನೊಂದರಲ್ಲಿಯೂ ಸೋತೆ. ಒಬ್ಬನಿಗೆ ಮೈ ಬೆವರುತ್ತಿದೆ, ಕೈ ನಡುಗುತ್ತಿದೆ, ರಕ್ತದ ಸಕ್ಕರೆ 58ಕ್ಕೆ ಇಳಿದಿದೆ, ಏನು ಕೊಡಬೇಕು? "ಶೇಂಗಾ ಉಂಡಿ" ಎಂದೆ. ಅದು ತಪ್ಪಂತೆ. ಶೇಂಗಾದಲ್ಲಿಯ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಚಾಕೊಲೇಟಿನ ಗತಿಯೂ ಅದೇ. ಸಕ್ಕರೆ 70ಕ್ಕಿಂತ ಕೆಳಗಿಳಿದಾಗ 15 ಗ್ರಾಂ ಬೇಗ ಕರಗುವ ಸಿಹಿಯನ್ನು, ಎಂದರೆ ಒಂದು ದೊಡ್ಡ ಚಮಚ ಸಕ್ಕರೆಯ ನೀರನ್ನೋ ಅರ್ಧ ಲೋಟ ಹಣ್ಣಿನ ರಸವನ್ನೋ ಕೊಟ್ಟು, 15 ನಿಮಿಷ ಕಾದು, ಮತ್ತೆ ಪರೀಕ್ಷಿಸಬೇಕು. ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು. ಈ ಚೀಟಿಯನ್ನು ಓದುವಾಗ ಅವಳ ಮುಖ ಸಪ್ಪಗಾದುದನ್ನು ಗಮನಿಸಿದೆ. ಕಾರಣ ನನಗೆ ಗೊತ್ತಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಕೇಳುವುದಕ್ಕೆ ಇಷ್ಟೊಂದು ಪ್ರಾಧಾನ್ಯವೇಕೆಂದು ಅವಳನ್ನು ಪ್ರಶ್ನಿಸಿದೆ. ಅವಳ ಉತ್ತರ ಲೆಕ್ಕದ ರೂಪದಲ್ಲಿತ್ತು. ವರ್ಷಕ್ಕೆ 8760 ಗಂಟೆಗಳು. ಮಧುಮೇಹವುಳ್ಳವರು ವೈದ್ಯರೆದುರು ಕೂಡುವುದು ಅವುಗಳಲ್ಲಿ ಎರಡೋ ಮೂರೋ ಗಂಟೆ. ಮಿಕ್ಕೆಲ್ಲ ಹೊತ್ತು ಏನನ್ನು ಉಣ್ಣಬೇಕು, ಎಷ್ಟು ನಡೆಯಬೇಕು, ಗುಳಿಗೆಯನ್ನು ಯಾವಾಗ ನುಂಗಬೇಕು ಎಂಬ ನಿರ್ಧಾರವೆಲ್ಲ ಅವರದೇ. ನಿರ್ಧರಿಸುವವರ ಮನಸ್ಸನ್ನು ಅರಿಯದೆ ಕೊಟ್ಟ ಸಲಹೆ ಚಿಕಿತ್ಸಾಲಯದ ಬಾಗಿಲವರೆಗೆ ಮಾತ್ರ ಬರುತ್ತದೆ.

ಇದನ್ನು ಬಹಳ ಹಿಂದೆಯೇ ಕಂಡುಕೊಂಡವರು ಬಾಸ್ಟನ್ ನಗರದ ವೈದ್ಯ ಎಲಿಯಟ್ ಜೋಸ್ಲಿನ್. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಇನ್ಸುಲಿನ್ನನ್ನು ಪ್ರತ್ಯೇಕಿಸುವುದಕ್ಕೂ ಮೊದಲೇ, 1918ರಲ್ಲಿ ಜೋಸ್ಲಿನ್ನರು ಮಧುಮೇಹವುಳ್ಳವರು ತಾವೇ ಓದಿಕೊಳ್ಳಬಹುದಾದ ಕೈಪಿಡಿಯೊಂದನ್ನು ಪ್ರಕಟಿಸಿದ್ದರು. ಮನೆಮನೆಗೆ ಹೋಗಿ ಪಾಠ ಹೇಳುವ ಸಂಚಾರಿ ದಾದಿಯರನ್ನೂ ಸಿದ್ಧಗೊಳಿಸಿದರು. ಜಂಗಮವೆಂಬ ಮಾತಿನ ಅರ್ಥವನ್ನು ಬಲ್ಲ ನಮಗೆ ಇದು ಅಪರಿಚಿತವಾಗಿ ತೋರಬಾರದು. ಮುಂದೆ 1993ರಲ್ಲಿ ಅಮೇರಿಕೆ ಹಾಗೂ ಕೆನಡಾಗಳಲ್ಲಿ ಮೊದಲನೆಯ ಬಗೆಯ ಮಧುಮೇಹವುಳ್ಳ 1441 ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದರ ಫಲಿತಾಂಶ ಹೊರಬಂದಿತು. ಸಕ್ಕರೆಯನ್ನು ಬಿಗಿಯಾದ ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳ ಹಾನಿ ಗಣನೀಯವಾಗಿ ತಗ್ಗುವುದೆಂದು ಸ್ಥಿರಪಟ್ಟಿತು. ಅದೇ ಅಧ್ಯಯನದಲ್ಲಿ ಬಿಗಿ ಹತೋಟಿಯವರಿಗೆ ಸಕ್ಕರೆ ಅತಿಯಾಗಿ ಇಳಿಯುವ ಅಪಾಯವೂ ಹೆಚ್ಚೆಂದು ಕಂಡುಬಂದಿತು. ಎರಡು ಅಂಚುಗಳ ನಡುವೆ ನಡೆಯಬೇಕಾದವರಿಗೆ ನಡೆಯುವುದನ್ನು ಕಲಿಸುವವರು ಬೇಡವೇ?

ನನ್ನ ಪಾಠಶಾಲೆಯ ಅಭಿಮಾನಕ್ಕೆ ಪೆಟ್ಟು ಕೊಟ್ಟ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ವಿವರಿಸಿದ್ದೆಲ್ಲ ಮುಗಿದ ಮೇಲೆ ಎದುರಿನವರಿಂದ ಅವರ ಸ್ವಂತ ಮಾತಿನಲ್ಲಿ ಅದನ್ನು ಹೇಳಿಸಿ ಕೇಳಬೇಕೆಂಬುದು ಅವರ ಶಿಕ್ಷಣಕ್ರಮದ ಒಂದು ಅಂಗ. "ಇದು ನಮ್ಮದೇ ಪದ್ಧತಿ! ನಾವು ಗುರುಗಳಿಗೆ ಪಾಠ ಒಪ್ಪಿಸುತ್ತಿರಲಿಲ್ಲವೇ?" ಎಂದು ಉಬ್ಬಿದೆ. "ಅಲ್ಲ ಮಾಮಾ. ನೀವು ಒಪ್ಪಿಸಾಕ ತಪ್ಪಿದ್ರ ಪೆಟ್ಟು ಯಾರಿಗೆ ಬೀಳ್ತಿತ್ತು?" ಎಂದು ಕೇಳಿದಳು. ನನಗೇ ಎಂದೆ. "ಇಲ್ಲೆ ಅವರು ತಪ್ಪಿ ಹೇಳಿದ್ರ ತಪ್ಪು ನನ್ನದು. ನಾ ಹೇಳಿದ್ದು ಸರಿ ಇರಲಿಲ್ಲ ಅಂತ ಅರ್ಥ. ಮತ್ತ ಬ್ಯಾರೆ ರೀತೀಲೆ ಹೇಳಬೇಕು." ಪಾಠ ಒಪ್ಪಿಸುವಾಗ ಪರೀಕ್ಷೆಗೊಳಗಾಗುವವನು ಗುರುವೆಂಬ ಭಾವನೆ ನನ್ನ ಐವತ್ತು ವರ್ಷಗಳ ಅಧ್ಯಯನ ಅಧ್ಯಾಪನಗಳಲ್ಲಿ ಒಮ್ಮೆಯೂ ಸುಳಿದಿರಲಿಲ್ಲ.

ಮಾತಿನ ಬಳಕೆಯ ವಿಷಯದಲ್ಲಿ ಮಾತ್ರ ನನಗೆ ಅಲ್ಪಸ್ವಲ್ಪ ಗೆಲುವು ದೊರೆಯಿತು. 2017ರಲ್ಲಿ ಅಮೇರಿಕೆಯ ಮಧುಮೇಹ ಸಂಘವೂ ಅಲ್ಲಿಯ ಮಧುಮೇಹ ಶಿಕ್ಷಕರ ಸಂಘವೂ ಕೂಡಿ, ಮನುಷ್ಯನನ್ನು ಅವನ ರೋಗದ ಹೆಸರಿನಿಂದ ಕರೆಯಬಾರದು, ಮಧುಮೇಹವುಳ್ಳ ವ್ಯಕ್ತಿ ಎನ್ನಬೇಕು, 'ಮಾತು ಕೇಳದವರು' ಎಂಬಂಥ ನುಡಿಗಳನ್ನು ಬಿಡಬೇಕು ಎಂದು ಸೂಚಿಸಿದವು. ನಾನು ಹೇಳಿದೆ: "ಕನ್ನಡ ವ್ಯಾಕರಣಕ್ಕೆ ಈ ಪಾಠ ಬೇಕಾಗಿಲ್ಲ. ನಮ್ಮ ಹಳ್ಳಿಯವರು 'ಅವರಿಗೆ ಸಕ್ರಿ ಅದ' ಎಂದು ಚತುರ್ಥಿ ವಿಭಕ್ತಿಯಲ್ಲಿಯೇ ಹೇಳುತ್ತಾರೆ. ರೋಗ ಬೇರೆ, ಅವರು ಬೇರೆ." ಇದನ್ನು ಅವಳು ಸಂತೋಷದಿಂದ ಬರೆದುಕೊಂಡಳು. ಚರಕ ಸುಶ್ರುತರು ಪ್ರಮೇಹದಲ್ಲಿ ಇಪ್ಪತ್ತು ಬಗೆಗಳನ್ನು ಎಣಿಸಿ ಮಧುಮೇಹವನ್ನು ಅವುಗಳಲ್ಲೊಂದಾಗಿ ಹೇಳಿದ್ದಾರೆಂದು ಮುಂದುವರಿಸಲು ಹೋದೆ. "ಅದು ಪರೀಕ್ಷಾದಾಗ ಬರೂದಿಲ್ಲ ಮಾಮಾ" ಎಂದು ಮುಂದಿನ ಚೀಟಿಯನ್ನು ಕೈಗಿತ್ತಳು.

ಈಗ ಅವಳ ಮುಖ ಸಪ್ಪಗಾದ ಕಾರಣವನ್ನು ಹೇಳಬೇಕು.

ಅವಳ ತಾಯಿ, ಎಂದರೆ ನನ್ನ ತಂಗಿ, ಹದಿನಾಲ್ಕು ವರ್ಷಗಳಿಂದ ಮಧುಮೇಹವುಳ್ಳವಳು. ಧಾರವಾಡದ ಸೀಮೆಯ ಹಳ್ಳಿಯಲ್ಲಿರುತ್ತಾಳೆ. 2022ರ ಮಹಾಶಿವರಾತ್ರಿಯಂದು ಆ ಊರಿನ ಮಠದಲ್ಲಿ ನನ್ನ ಪ್ರವಚನವಿತ್ತು. ವಿಷಯ, ವ್ರತ ಮತ್ತು ಉಪವಾಸದ ಮಹಿಮೆ. ತಂಗಿ ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಅವಳ ಹಣೆಯ ಮೇಲೆ ಬೆವರು ಇಳಿಯುತ್ತಿದ್ದುದನ್ನು ನಾನು ಗದ್ದುಗೆಯ ಮೇಲಿನಿಂದ ಕಣ್ಣಾರೆ ಕಂಡೆ. ಜನಸಂದಣಿಯ ಸೆಕೆಯೆಂದುಕೊಂಡೆ. ಪ್ರವಚನ ಮುಂದುವರಿಯಿತು. ಲಿಂಗಪೂಜೆಗೆಂದು ಎದ್ದವಳು ದಿಕ್ಕು ತಪ್ಪಿದವಳಂತೆ ಬೇರೆ ಬಾಗಿಲಿಗೆ ನಡೆದು ಮೆಟ್ಟಿಲ ಮೇಲಿಂದ ಬಿದ್ದಳು. ಸಭೆಯಲ್ಲಿದ್ದ ದಾದಿಯೊಬ್ಬಳು ಚೀಲದಿಂದ ಸಕ್ಕರೆ ಅಳೆಯುವ ಪುಟ್ಟ ಯಂತ್ರವನ್ನು ತೆಗೆದು ನೋಡಿದರೆ 46! ಪುಣ್ಯಕ್ಕೆ ಎಚ್ಚರವಿತ್ತು. ಸಕ್ಕರೆ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡಳು. ಬಲಗೈಯ ಮಣಿಕಟ್ಟು ಮುರಿದಿತ್ತು. ಇಂದಿಗೂ ಆ ಕೈಯಿಂದ ರೊಟ್ಟಿ ಬಡಿಯಲಾರಳು.

ನಡೆದದ್ದಿಷ್ಟು. ಅವಳು ನುಂಗುವ ಗುಳಿಗೆ ಗ್ಲಿಮೆಪಿರೈಡ್ ಎಂಬುದು. ಅದು ಮೇದೋಜೀರಕ ಗ್ರಂಥಿಯನ್ನು ಚೋದಿಸಿ ಇನ್ಸುಲಿನ್ ಸುರಿಸುತ್ತದೆ. ಹೊಟ್ಟೆಯಲ್ಲಿ ಅನ್ನವಿದೆಯೋ ಇಲ್ಲವೋ ಎಂದು ನೋಡುವುದಿಲ್ಲ. ಬೆಳಿಗ್ಗೆ ಗುಳಿಗೆ ನುಂಗಿ ಸಂಜೆಯವರೆಗೆ ನಿರಾಹಾರವಿದ್ದರೆ ಸಕ್ಕರೆ ಕುಸಿಯುವ ಅಪಾಯ ಬಹಳ. ಮೆಟ್‌ಫಾರ್ಮಿನ್ ಮಾತ್ರವೇ ನುಂಗುವವರಿಗೆ ಈ ಅಪಾಯ ತೀರ ಕಡಿಮೆ. ಗುಳಿಗೆ ಗುಳಿಗೆಗೆ ಇಂಥ ಭೇದವಿದೆಯೆಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಇನ್ನು ಉಪವಾಸ ಬಿಡುವಾಗ ನಮ್ಮ ಫಲಾಹಾರವನ್ನಾದರೂ ನೋಡಿ: ಖರ್ಜೂರ, ಬಾಳೆಹಣ್ಣು, ದ್ರಾಕ್ಷಿ, ಬೇಯಿಸಿದ ಗೆಣಸು, ಸಾಬೂದಾಣಿ. ಎಲ್ಲವೂ ಶರ್ಕರಪಿಷ್ಟವೇ. ಹಗಲೆಲ್ಲ ಪಾತಾಳಕ್ಕಿಳಿದ ಸಕ್ಕರೆ ರಾತ್ರಿ ಆಕಾಶಕ್ಕೇರುತ್ತದೆ. ರಂಜಾನ್ ಉಪವಾಸವನ್ನಾಚರಿಸುವ ಮಧುಮೇಹವುಳ್ಳವರಿಗಾಗಿ ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟವು ಇತರರೊಡಗೂಡಿ 2016ರಲ್ಲಿಯೇ ವಿಸ್ತಾರವಾದ ಮಾರ್ಗದರ್ಶಿಯನ್ನು ಹೊರತಂದಿದೆ. 2021ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. ಯಾರು ಉಪವಾಸ ಮಾಡಬಹುದು, ಯಾರಿಗೆ ಅಪಾಯ, ಯಾವಾಗ ಉಪವಾಸ ಮುರಿಯಲೇಬೇಕು ಎಂಬುದೆಲ್ಲ ಅದರಲ್ಲಿದೆಯಂತೆ. ಶಿವರಾತ್ರಿಯ ನಮ್ಮ ಗದ್ದುಗೆಗಳ ಮೇಲಿನಿಂದ ಈ ವಿಷಯವಾಗಿ ಒಂದು ಮಾತು ಬಂದುದನ್ನು ನಾನು ಕೇಳಿಲ್ಲ. ಹೇಳಬೇಕಾಗಿದ್ದವರಲ್ಲಿ ನಾನೂ ಒಬ್ಬ.

ಆ ಘಟನೆಯ ಬಳಿಕ ನಾನು ಸುಮ್ಮನಿರಲಿಲ್ಲ. ತಂಗಿಯನ್ನು ಕಂಡಾಗಲೆಲ್ಲ ಗದರಿಸುತ್ತಿದ್ದೆ. "ಔಷಧ ನುಂಗುವವರು ಉಪವಾಸ ಮಾಡಬಾರದೆಂದು ತಿಳಿಯದೇ?" ಎನ್ನುತ್ತಿದ್ದೆ. ಅವಳು ತಲೆಯಾಡಿಸುತ್ತಿದ್ದಳು. 2023ರಲ್ಲಿಯೂ 2024ರಲ್ಲಿಯೂ ನಮಗೆ ತಿಳಿಯದಂತೆ ಉಪವಾಸ ಮಾಡಿದಳೆಂದು ಆಮೇಲೆ ಗೊತ್ತಾಯಿತು. ಮಗಳು ಈ ಪರೀಕ್ಷೆಗೆ ಹೊರಟದ್ದು ವೃತ್ತಿಯ ಏಳಿಗೆಗೆಂದು ನಾನು ತಿಳಿದಿದ್ದೆ. ಕಾರಣ ಬೇರೆಯೇ ಇತ್ತು. "ದಿನಾ ಇಪ್ಪತ್ತು ಮಂದಿಗೆ ಹೇಳ್ತೀನಿ ಮಾಮಾ. ನಮ್ಮವ್ವಗ ಹೇಳಾಕ ಬರವೊಲ್ದು" ಎಂದು ಒಂದು ರಾತ್ರಿ ಕಣ್ಣೊರೆಸಿಕೊಂಡಳು.

ಪರೀಕ್ಷೆಗೆ ಎರಡು ವಾರಗಳಿದ್ದಾಗ, ಒಂದು ಭಾನುವಾರ, ಅವಳು ದೂರವಾಣಿಯಲ್ಲಿ ತಾಯಿಯೊಡನೆ ಮಾತನಾಡಿದಳು. ನಾನು ಪಕ್ಕದಲ್ಲಿಯೇ ಕುಳಿತಿದ್ದೆ. ಇಬ್ಬರಿಗೂ ಕೇಳುವಂತೆ ಧ್ವನಿಯನ್ನು ತೆರೆದಿಟ್ಟು, ಮಾಮಾ ಇಲ್ಲೇ ಇದ್ದಾರೆಂದು ಮೊದಲೇ ತಿಳಿಸಿದ್ದಳು. ಕುಶಲಪ್ರಶ್ನೆಗಳಾದ ಮೇಲೆ, "ಅವ್ವಾ, ಶಿವರಾತ್ರಿ ಉಪಾಸ ಬಿಡು ಅಂತ ನಾ ಇವತ್ತ ಹೇಳೂದಿಲ್ಲ. ಅದನ್ನ ಹಿಡದ್ರ ನಿನಗೇನು ಅನಸ್ತದ, ಅಷ್ಟ ಹೇಳು" ಎಂದಳು. ಆ ಕಡೆ ಮೌನ. ನಾನು ಬಾಯಿ ತೆರೆದೆ. ಅವಳು ಕೈಸನ್ನೆಯಿಂದ ತಡೆದಳು. ಎದುರಿನವರ ಮೌನವನ್ನು ನಾವು ತುಂಬಬಾರದೆಂಬುದೂ ಅವಳ ಪಾಠಗಳಲ್ಲೊಂದು. ನಿಮಿಷವೇ ಕಳೆಯಿತೇನೋ.

"ಹಿಂದಿನಿಂದ ಬಂದ ಪದ್ಧತಿ, ಬಿಡಾಕ ಮನಸು ಬರೂದಿಲ್ಲ" ಎಂದಳು ತಂಗಿ. ಮತ್ತೆ ತಡೆದು, "ಅಣ್ಣ ಅಲ್ಲೇ ಅದಾರಂದ್ಯಲ್ಲ, ಅವರೂ ಕೇಳ್ಲಿ. ಅವರು ಮ್ಯಾಲ ಕುಂತು ಉಪಾಸದ ಹಿರಿಮಿ ಹೇಳತಿದ್ರು. ಅವರ ಒಡಹುಟ್ಟಿದಾಕಿ ನಾ. ಉಂಡು ಬಂದು ಮುಂದ ಹ್ಯಾಂಗ ಕೂಡೂದವ್ವಾ? ಮಂದಿ ಏನಂದಾರು, ಅಣ್ಣನ ಮಾತು ತಂಗೀನ ಕೇಳೂದಿಲ್ಲ ಅನ್ನೂದಿಲ್ಲೇನು?" ಎಂದಳು.

ಎರಡೂವರೆ ವರ್ಷ ಅವಳನ್ನು ಗದರಿಸಿದವನು ನಾನು. ಅವಳು ಬಿದ್ದ ಮೆಟ್ಟಿಲಿನ ಕಡೆಗೆ ಅವಳನ್ನು ಕಳಿಸಿದವನೂ ನಾನೇ. ಈ ಒಂದು ಪ್ರಶ್ನೆಯನ್ನು ಕೇಳಿದ್ದರೆ ಆ ಉತ್ತರ ಅಂದೇ ಸಿಗುತ್ತಿತ್ತು. ನಾನು ಏನನ್ನೂ ಹೇಳಲಾರದೆ ಕುಳಿತೆ. ಸೋದರಸೊಸೆಯೂ ಬುದ್ಧಿ ಹೇಳಲಿಲ್ಲ. "ಹೌದಲ್ಲವ್ವಾ, ನನಗ ಇದು ತಿಳಿದೇ ಇರಲಿಲ್ಲ" ಎಂದಳು. ಅನಂತರ, ಉಪವಾಸವನ್ನು ಪೂರ್ತಿ ಬಿಡದೆ, ಅಪಾಯವನ್ನೂ ತಂದುಕೊಳ್ಳದೆ, ಏನಾದರೂ ದಾರಿಯಿದ್ದೀತೇ ಎಂದು ತಾಯಿಯನ್ನೇ ಕೇಳಿದಳು. ಹಬ್ಬಕ್ಕೆ ಹದಿನೈದು ದಿನ ಮೊದಲು ವೈದ್ಯರಲ್ಲಿಗೆ ಹೋಗಿ ಕೇಳಿಬರುವುದಾಗಿ ತಂಗಿ ತಾನಾಗಿಯೇ ಹೇಳಿದಳು.

ಅಕ್ಟೋಬರಿನಲ್ಲಿ, ನಾನು ಊರಿಗೆ ಮರಳಿದ ಮೇಲೆ, ಅವಳು ತೇರ್ಗಡೆಯಾದ ಸುದ್ದಿ ಬಂದಿತು. ಪರೀಕ್ಷೆಯಲ್ಲಿ ಇನ್ಸುಲಿನ್ ಲೆಕ್ಕಗಳು ತೊಡಕಾಗಿದ್ದುವಂತೆ; 'ಮೊದಲು ಏನು ಮಾಡಬೇಕು' ಎಂಬ ಪ್ರಶ್ನೆಗಳು ಸುಲಭವಾಗಿದ್ದುವಂತೆ. "ನೀವು ಆರಿಸ್ತಿದ್ದಂಥಾ ಉತ್ತರ ಎಲ್ಲಾ ಬಿಟ್ಟುಬಿಟ್ಟೆ ಮಾಮಾ" ಎಂದು ತಮಾಷೆ ಮಾಡಿದಳು. ನನ್ನಿಂದ ಅಷ್ಟಾದರೂ ಉಪಕಾರವಾಯಿತಲ್ಲ!

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದಲ್ಲಿ ಮಧುಮೇಹವುಳ್ಳವರು 10 ಕೋಟಿಗೂ ಹೆಚ್ಚೆಂದೂ, ಪೂರ್ವಸ್ಥಿತಿಯಲ್ಲಿರುವವರು 13 ಕೋಟಿಗೂ ಹೆಚ್ಚೆಂದೂ ಅಂದಾಜು ಮಾಡಿದೆ. ಮಧುಮೇಹ ಶಿಕ್ಷಕರ ತರಬೇತಿಗಳು ನಮ್ಮಲ್ಲಿಯೂ ನಡೆಯುತ್ತಿವೆ. ದಾದಿಯ ಕೆಲಸವನ್ನೋ ಆಹಾರಶಾಸ್ತ್ರವನ್ನೋ ಕಲಿಯುತ್ತಿರುವ ನಮ್ಮ ಮನೆಗಳ ಹೆಣ್ಣುಮಕ್ಕಳು ಗಂಡುಮಕ್ಕಳು ಈ ಕಡೆಗೂ ಗಮನ ಹರಿಸಬಹುದು. ಜೋಳದ ರೊಟ್ಟಿ ಎಷ್ಟು ದೊಡ್ಡದೆಂದು ಕಣ್ಣಳತೆಯಿಂದ ಬಲ್ಲವರು, ಮಾದಲಿಗೂ ಸಜ್ಜಕಕ್ಕೂ ಭೇದ ತಿಳಿದವರು, ಏಕಾದಶಿ ಯಾರ ಮನೆಯದು ಸೋಮವಾರ ಯಾರ ಮನೆಯದು ಎಂದು ಅರಿತವರು ಈ ಕೆಲಸಕ್ಕೆ ಬೇಕು. ಪರದೇಶದ ಆಹಾರದ ಪಟ್ಟಿಯನ್ನು ನಕಲು ಮಾಡಿ ಕೊಟ್ಟರೆ ನಮ್ಮ ಅಜ್ಜಿಯರು ಅದನ್ನು ಮಡಿಚಿ ಜಗುಲಿಯ ಮಾಡದಲ್ಲಿಟ್ಟುಬಿಡುತ್ತಾರೆ.

2025ರ ಫೆಬ್ರುವರಿ 26ರಂದು ಶಿವರಾತ್ರಿ. ಅದೇ ಮಠದಲ್ಲಿ ಮತ್ತೆ ನನ್ನ ಪ್ರವಚನ. ತಂಗಿ ವೈದ್ಯರನ್ನು ಕಂಡುಬಂದಿದ್ದಳು. ಆ ದಿನದ ಗುಳಿಗೆಯ ವಿಷಯದಲ್ಲಿ ಅವರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಒಬ್ಬರ ಗುಳಿಗೆಯ ಲೆಕ್ಕ ಇನ್ನೊಬ್ಬರಿಗೆ ಹೊಂದದು. ಅನ್ನ ರೊಟ್ಟಿಗಳನ್ನು ಬಿಟ್ಟು, ಮೂರು ತಾಸಿಗೊಮ್ಮೆ ಮಜ್ಜಿಗೆ, ಸ್ವಲ್ಪ ಹಣ್ಣು, ನಾಲ್ಕು ಬಾದಾಮಿಗಳೆಂದು ತಾನೇ ಗೊತ್ತುಮಾಡಿಕೊಂಡಿದ್ದಳು. ಸೆರಗಿನ ಗಂಟಿನಲ್ಲಿ ಸಕ್ಕರೆಯ ಪೊಟ್ಟಣವಿತ್ತು. ಪ್ರವಚನವನ್ನು ಆರಂಭಿಸುವ ಮೊದಲು ನಾನು, ಸಕ್ಕರೆಯ ಗುಳಿಗೆ ನುಂಗುವವರು ಯಾರಾದರೂ ನಿರಾಹಾರವಿದ್ದೀರಾ ಎಂದು ಸಭೆಯನ್ನು ಕೇಳಿದೆ. ಹನ್ನೆರಡು ಕೈಗಳು ಮೇಲೆದ್ದವು. 2022ರ ಕಥೆಯನ್ನು, ತಂಗಿಯ ಒಪ್ಪಿಗೆ ಪಡೆದು, ಬೆವರು ಕಂಡೂ ಸುಮ್ಮನಿದ್ದವನು ನಾನೆಂಬುದನ್ನು ಮರೆಮಾಚದೆ ಹೇಳಿದೆ. ಅವಳು ಮುಂದಿನ ಸಾಲಿನಲ್ಲಿಯೇ ಕುಳಿತು, ಎಲ್ಲರೆದುರಿಗೆ, ಮಜ್ಜಿಗೆ ಕುಡಿದಳು.

ಪತ್ರ ಬರೆದ ಸೋದರಿಗೆ ನಾನು ಕಳಿಸಿದ ಉತ್ತರ ಒಂದು ಕಾರ್ಡಿನಲ್ಲಿ ಮುಗಿಯಿತು. ಎಷ್ಟು ಬೇಕೋ ಅಷ್ಟನ್ನೇ ನೀಡಿಸಿಕೊಳ್ಳುವುದಕ್ಕೆ ಪ್ರಸಾದದ ನಿಯಮ ಅಡ್ಡಬರುವುದಿಲ್ಲ, ಎರಡು ಚಮಚೆಯ ಹುಗ್ಗಿಯೂ ಪ್ರಸಾದವೇ ಎಂದು ಒಂದು ವಾಕ್ಯ. ನೀಡುವವರ ಕೈಯನ್ನು ತಡೆಯಲು ಅತ್ತೆಯವರಿಗೆ ಮನಸ್ಸು ಬಾರದಿರುವುದು ಏಕೆಂದು ಅವರನ್ನೇ ಎಂದಾದರೂ ಕೇಳಿದ್ದೀರಾ ಎಂದು ಇನ್ನೊಂದು. ಮರುಟಪಾಲಿಗೆ ಕಾಯುತ್ತಿದ್ದೇನೆ.